ನಿರ್ದೇಶಕರ ಕೋಣೆಯ ಮುಂದೆ ಕೂತ ಕಮಲಾ

ಕ್ಯಾಂಪಸ್ ಇಂಟರ್‌ವ್ಯೂ ಸೀಸನ್ ಶುರುವಾಯ್ತೆಂದರೆ ನಮ್ಮ ಹಾಸ್ಟೆಲಿನಲ್ಲಿ ಎರಡು ಥರದ ಸಂಜೆಗಳಿರುತ್ತವೆ. ಒಂದು ಸ್ವೀಟ್ ಹಂಚುವ ಸಂಜೆ, ಇನ್ನೊಂದು ಊಟಕ್ಕೂ ಏಳದೆ ಗೋಡೆ ಕಡೆ ಮುಖ ಮಾಡಿ ಮಲಗುವ ಸಂಜೆ. ನಮ್ಮ ಬಳಗದ ಬಾಗಲವಾಡದ ಗೆಳೆಯನಿಗೆ ಈ ಸಲ ಬಂದದ್ದು ಎರಡನೆಯದು. ಕೊನೇ ರೌಂಡಿನ ತನಕ ಹೋದ, ಲಿಸ್ಟಿನಲ್ಲಿ ಹೆಸರಿಲ್ಲ, ಕಾರಣ ಯಾರೂ ಹೇಳಲಿಲ್ಲ. ಆ ಶನಿವಾರ ಅವನು ಊರಿಗೂ ಹೋಗಲಿಲ್ಲ. ಅವ್ವ ಕೇಳಿದರೆ ಏನಂತ ಹೇಳ್ಲಿ ಅನ್ನೋದೇ ಅವನ ಚಿಂತೆ. ಅವನನ್ನು ನೆನೆದು ಈ ಸಂಚಿಕೆಗೆ ವಿಜ್ಞಾನಿ ಕಮಲಾ ಸೊಹೊನಿಯವರ ಬದುಕನ್ನು ಆರಿಸಿಕೊಂಡೆವು.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ. ತಂದೆ ನಾರಾಯಣರಾವ್ ಮತ್ತು ತಂದೆಯ ಸೋದರ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು, ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಕಮಲಾ 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ಪಾಸಾದರು. ಮುಂದೆ ಸಂಶೋಧನೆ, ಅದೂ ಅದೇ ಬೆಂಗಳೂರಿನಲ್ಲಿ ಅನ್ನುವುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಅರ್ಜಿ ಹಾಕಿದರು. ಸಿಕ್ಕಿದ್ದು ನಿರಾಕರಣೆ.

ಆಗ ಸಂಸ್ಥೆಯ ನಿರ್ದೇಶಕರು ಸರ್ ಸಿ.ವಿ. ರಾಮನ್. ನೊಬೆಲ್ ಬಂದು ಮೂರೇ ವರ್ಷವಾಗಿತ್ತು. ಕಮಲಾ ತಂದೆಯ ಜೊತೆ ಬಂದು ಮುಖತಃ ಕೇಳಿದರೂ ರಾಮನ್ ಒಪ್ಪಲಿಲ್ಲ. ಅಂಕ ಕಡಿಮೆ ಅಂತಲ್ಲ, ಹುಡುಗಿ ಅನ್ನುವ ಕಾರಣಕ್ಕೆ.

ಇಲ್ಲಿ ನಾವು ಒಂದು ಮಾತು ನೆನಪಿಸಿಕೊಳ್ಳಬೇಕು. ಇದೇ ರಾಮನ್ ಹುಡುಗನಾಗಿದ್ದಾಗ ಇಂಗ್ಲೆಂಡಿಗೆ ಹೋಗುವ ದಾರಿ ಮುಚ್ಚಿತ್ತು. ಅವರ ಶರೀರ ಅಲ್ಲಿನ ಹವೆಯನ್ನು ತಾಳುವುದಿಲ್ಲವೆಂದು ಮದ್ರಾಸಿನ ವೈದ್ಯಾಧಿಕಾರಿ ಹೇಳಿಬಿಟ್ಟಿದ್ದರು. ಹಾಗಾಗಿ 1907ರಲ್ಲಿ ಹಣಕಾಸು ಇಲಾಖೆಯ ನೌಕರಿ ಹಿಡಿದು, ಕಲ್ಕತ್ತದಲ್ಲಿ ಆಫೀಸಿನ ಮುಂಚೆ, ಆಫೀಸು ಮುಗಿದ ಮೇಲೆ ಪ್ರಯೋಗ ಮಾಡುತ್ತಿದ್ದರು. ಬುದ್ಧಿಗೆ ಸಂಬಂಧವಿಲ್ಲದ ಕಾರಣಕ್ಕೆ ಬೇಡ ಅನ್ನಿಸಿಕೊಂಡವರೇ ಇನ್ನೊಬ್ಬರಿಗೆ ಅದೇ ಥರ ಬೇಡ ಅಂದರು. ದೊಡ್ಡವರ ತೀರ್ಪೂ ತಪ್ಪಬಹುದು.

ಕಮಲಾ ವಾಪಸು ಹೋಗಲಿಲ್ಲ. ಯಾಕೆ ಬೇಡ ಅಂತ ಕೇಳಿದರು. ಕಾಲ ಗಾಂಧೀಜಿಯವರದು, ನಿರ್ದೇಶಕರ ಕೋಣೆಯ ಮುಂದೆ ಸತ್ಯಾಗ್ರಹಕ್ಕೆ ಕೂತರು. ಕಡೆಗೆ ರಾಮನ್ ಷರತ್ತು ಹಾಕಿ ಒಳಗೆ ಬಿಟ್ಟರು. ಒಂದು ವರ್ಷ ಪರೀಕ್ಷಾರ್ಥ. ಕೆಲಸ ಮೆಚ್ಚುಗೆಯಾಗುವ ತನಕ ಅದಕ್ಕೆ ಮಾನ್ಯತೆಯಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಗಂಡು ಹುಡುಗರ ಗಮನ ಕೆಡಿಸಬಾರದು. ಈ ಕೊನೆಯ ಷರತ್ತಿನ ಅವಮಾನ ಅವರಿಗೆ ಮುಪ್ಪಿನವರೆಗೂ ಮರೆಯಲಿಲ್ಲ. ಆದರೂ ಒಪ್ಪಿಕೊಂಡರು, ಯಾಕಂದರೆ ಕೆಲಸ ತೋರಿಸಲು ಬೇರೆ ಜಾಗ ಇರಲಿಲ್ಲ.

ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನು ಕುರಿತು ದುಡಿದರು. ವರ್ಷ ಮುಗಿಯುವಷ್ಟರಲ್ಲಿ ರಾಮನ್ ಮನಸ್ಸು ಬದಲಾಗಿತ್ತು. ಅವರ ಹಿಂದೆ ಬೇರೆ ಹುಡುಗಿಯರಿಗೂ ಪ್ರವೇಶ ಸಿಕ್ಕಿತು. 1936ರಲ್ಲಿ ಎಂ.ಎಸ್ಸಿ. ಪದವಿ, ಆಮೇಲೆ ಕೇಂಬ್ರಿಡ್ಜ್. ಅಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ, ಜೀವಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆಯೆಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಬಂತು. ಪ್ರಬಂಧ ಸುಮಾರು 40 ಪುಟ ಅಷ್ಟೇ!

ಅದೇ ವರ್ಷ ದೇಶಕ್ಕೆ ಮರಳಿ ದೆಹಲಿಯಲ್ಲಿ, ಕೂನೂರಿನಲ್ಲಿ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬೈಗೆ ಬಂದು ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠಕ್ಕೆ ನಿಂತರು. ನಮ್ಮ ಮಾನ್ವಿ, ದೇವದುರ್ಗದ ಕಡೆ ದಿನಾ ಒಲೆ ಮೇಲಿರುವ ಬ್ಯಾಳಿಗೂ ಅವರಿಗೂ ನಂಟಿರುವುದು ಇಲ್ಲೇ. ಹಸಿ ಕಾಳುಗಳಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ನಿರೋಧಕಗಳಿರುತ್ತವೆ, ಬೇಯಿಸಿದರೆ ಅವುಗಳ ಜೋರು ಇಳಿಯುತ್ತದೆ. ನಮ್ಮ ದೇಶದ ಆಹಾರಗಳಲ್ಲಿ ಇವು ಎಲ್ಲೆಲ್ಲಿವೆ ಅನ್ನುವುದನ್ನು ಅವರು, ಅವರ ವಿದ್ಯಾರ್ಥಿಗಳು ಹುಡುಕಿದರು. ತಾಳೆಯ ನೀರಾ ಮೇಲಿನ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಇಷ್ಟಾದ ಮೇಲೂ ಆ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಅವರಿಗೆ ನಾಲ್ಕು ವರ್ಷ ತಡವಾಗಿ ಸಿಕ್ಕಿತು. ಒಳರಾಜಕೀಯ. ಒಂದು ಸಲ ಗೆದ್ದವರಿಗೆ ಮತ್ತೆ ಯಾರೂ ಬೇಡ ಅನ್ನುವುದಿಲ್ಲ ಅಂತೇನಿಲ್ಲ. ಅವರು ತೀರಿಕೊಂಡದ್ದು 1998ರಲ್ಲಿ.

ಕಮಲಾ ಹಿಂದೆ ಓದಿದ ಮನೆತನವಿತ್ತು, ಜೊತೆಗೆ ತಂದೆ ಬಂದಿದ್ದರು. ನಮ್ಮಲ್ಲಿ ಬಹಳ ಮಂದಿಗೆ ಆ ಆಸರೆಯಿಲ್ಲ. ಕಂಪನಿ ಗೇಟಿನ ಮುಂದೆ ಕೂತರೆ ನೌಕರಿ ಸಿಗುವುದೂ ಇಲ್ಲ. ಆದರೆ ಬೇಡ ಅಂದದ್ದು ನಮ್ಮ ಕೆಲಸಕ್ಕೋ, ಬೇರೆ ಯಾವುದಕ್ಕೋ ಅಂತ ಕೇಳಿ ತಿಳಿಯಬಹುದು. ಕೆಲಸಕ್ಕಾದರೆ ತಿದ್ದಿಕೊಳ್ಳೋಣ. ಬೇರೆಯದಕ್ಕಾದರೆ ಆ ಭಾರ ನಾವ್ಯಾಕೆ ಹೊರಬೇಕು?

ಗೆಳೆಯ ಕಾರಣ ಕೇಳಿ ಮೇಲ್ ಕಳಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಈ ಶನಿವಾರ ಊರಿಗೆ ಹೊಂಟಾನ, ಬರುವಾಗ ಅವ್ವನ ಕೈಯಿಂದ ಶೇಂಗಾ ಹಿಂಡಿ ತರಬೇಕು ಅಂತ ಹೇಳಿದ್ದೇವೆ.