ಬೀಲ್ ಬೀದಿಯ ಛಾಯಾಗ್ರಾಹಕ ಅರ್ನೆಸ್ಟ್ ವಿದರ್ಸ್: ಚಿತ್ರಗಳು ಹೇಳಿದ್ದು, ಹೇಳದೆ ಉಳಿದದ್ದು

1968ರ ಮಾರ್ಚ್ 28ರಂದು ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ, ಕ್ಲೇಬಾರ್ನ್ ಟೆಂಪಲ್ ಎಂಬ ಚರ್ಚಿನ ಮುಂದೆ ಮುಷ್ಕರನಿರತ ಪೌರಕಾರ್ಮಿಕರು ಸಾಲುಗಟ್ಟಿ ನಿಂತಿದ್ದರು. ಎಲ್ಲರೂ ಕಪ್ಪು ಜನಾಂಗದವರು. ಎಲ್ಲರ ಕೈಯಲ್ಲಿಯೂ ಒಂದೇ ಬಗೆಯ ಬಿಳಿಯ ಫಲಕ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ, ತಾನು ಮನುಷ್ಯನೆಂದು ಸಾರುವ ನಾಲ್ಕೇ ಇಂಗ್ಲಿಷ್ ಪದಗಳು. ಎದುರಿಗೆ ನಿಂತು ಆ ದೃಶ್ಯವನ್ನು ಸೆರೆಹಿಡಿದವರು ಅರ್ನೆಸ್ಟ್ ಸಿ. ವಿದರ್ಸ್. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಕುರಿತು ಹೊರಬಂದ ಪುಸ್ತಕ, ಪ್ರದರ್ಶನಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ತೆಗೆದವರ ಹೆಸರು ಮಾತ್ರ ಬಹುಮಂದಿಗೆ ತಿಳಿಯದು.

ವಿದರ್ಸ್ ಅವರು ಚಿತ್ರ ತೆಗೆದದ್ದು ಮಾತ್ರವಲ್ಲ, ಆ ಫಲಕಗಳಿಗೆ ಕೋಲು ಒದಗಿಸುವ ಕೆಲಸದಲ್ಲಿಯೂ ಕೈಜೋಡಿಸಿದ್ದರು. ಮರ ಕೊಯ್ಯಲು ಗರಗಸ ಬಾಡಿಗೆಗೆ ತಂದ ಸಂಗತಿಯನ್ನು ಅವರೇ ಮುಂದೆ ಹೇಳಿಕೊಂಡಿದ್ದರು. ಅದೇ ದಿನ ಕೆಲವು ಯುವಕರು ಕೋಲುಗಳಿಂದ ಅಂಗಡಿಗಳ ಗಾಜು ಒಡೆದರು. ಪೊಲೀಸರು ಲಾಠಿ, ಅಶ್ರುವಾಯುಗಳೊಂದಿಗೆ ಮೆರವಣಿಗೆಯ ಮೇಲೆರಗಿದರು. ಲ್ಯಾರಿ ಪೇನ್ ಎಂಬ 16 ವರ್ಷದ ಹುಡುಗ ಪೊಲೀಸರ ಗುಂಡಿಗೆ ಬಲಿಯಾದನು. ಮೆರವಣಿಗೆಯ ಮುಂದಾಳತ್ವ ವಹಿಸಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರು, ಶಾಂತಿಯುತವಾಗಿ ಮತ್ತೊಮ್ಮೆ ನಡೆಸಿ ತೋರಿಸಬೇಕೆಂಬ ಹಟದಿಂದಲೇ ಏಪ್ರಿಲ್ ಮೊದಲ ವಾರ ಮೆಂಫಿಸ್‌ಗೆ ಮರಳಿದರು. ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ಅವರು ಗುಂಡೇಟಿಗೆ ಬಿದ್ದುದನ್ನು ಜಗತ್ತು ಬಲ್ಲದು.

ಈ ಎಲ್ಲ ಘಟನೆಗಳ ನಡುವೆ, ಕೊರಳಲ್ಲಿ ಕ್ಯಾಮೆರಾ ತೂಗಿಸಿಕೊಂಡು ಓಡಾಡುತ್ತಿದ್ದ ಆ ಮನುಷ್ಯನ ಬದುಕು ಅವರ ಚಿತ್ರಗಳಷ್ಟು ಕಪ್ಪು-ಬಿಳುಪಾಗಿರಲಿಲ್ಲ.

ವಿದರ್ಸ್ ಜನಿಸಿದ್ದು 1922ರ ಆಗಸ್ಟ್ 7ರಂದು, ಮೆಂಫಿಸ್‌ನಲ್ಲಿಯೇ. ತಂದೆ ಅಂಚೆ ಹಂಚುವವರು. ಶಾಲಾ ದಿನಗಳಲ್ಲಿ ಅಕ್ಕನ ಬಳಿಯಿದ್ದ ಸಣ್ಣ ಕ್ಯಾಮೆರಾ ಬಾಲಕನ ಕೈಸೇರಿತು. ಹೆಸರಾಂತ ಮುಷ್ಟಿಯುದ್ಧಪಟು ಜೋ ಲೂಯಿಸ್ ಅವರ ಪತ್ನಿ ಶಾಲೆಗೆ ಭೇಟಿ ನೀಡಿದಾಗ, ಎಲ್ಲರೂ ನೋಡುತ್ತಿರುವಂತೆಯೇ ಬಾಲಕ ವಿದರ್ಸ್ ವೇದಿಕೆಯ ಬಳಿಗೆ ನಡೆದು ಆಕೆಯ ಚಿತ್ರ ತೆಗೆದನು. ಅವರ ವೃತ್ತಿಜೀವನದ ಆರಂಭವನ್ನು ಅಲ್ಲಿಂದಲೇ ಎಣಿಸುವುದು ವಾಡಿಕೆ.

1942ರಲ್ಲಿ ಡೊರೊತಿ ಅವರೊಂದಿಗೆ ವಿವಾಹ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯ ಸೇರಿದ ವಿದರ್ಸ್ ಅವರಿಗೆ ನಾರ್ತ್ ಕೆರೊಲಿನಾದ ಕ್ಯಾಂಪ್ ಸಟನ್‌ನಲ್ಲಿ ಛಾಯಾಗ್ರಹಣದ ವಿಧಿವತ್ತಾದ ತರಬೇತಿ ದೊರೆಯಿತು. ಅಮೆರಿಕದ ಸೇನೆಯಲ್ಲಿ ಆಗ ಬಿಳಿಯರ ತುಕಡಿಗಳೇ ಬೇರೆ, ಕಪ್ಪು ಸೈನಿಕರ ತುಕಡಿಗಳೇ ಬೇರೆ. ಅವರನ್ನು ಕಳುಹಿಸಿದ್ದು ಪೆಸಿಫಿಕ್ ಸಾಗರದ ಸೈಪಾನ್ ದ್ವೀಪಕ್ಕೆ. ಅಲ್ಲಿ ಸೇನೆಗಾಗಿ ಚಿತ್ರ ತೆಗೆಯುವುದರ ಜೊತೆಗೆ, ಬಿಡುವಿನಲ್ಲಿ ಸಹ ಸೈನಿಕರ ಭಾವಚಿತ್ರಗಳನ್ನು ತೆಗೆದು ಮಾರುತ್ತಿದ್ದರು. ಊರಿನಲ್ಲಿರುವ ತಾಯಿಗೋ ಹೆಂಡತಿಗೋ ತಮ್ಮ ಮುಖವನ್ನು ಕಳುಹಿಸಬೇಕೆಂಬ ಆಸೆ ಸೈನಿಕರದು; ಮನೆಗೆ ನಾಲ್ಕು ಕಾಸು ಕಳುಹಿಸಬೇಕೆಂಬ ಚಿಂತೆ ಇವರದು. ಯುದ್ಧ ಮುಗಿಸಿ ಹಿಂದಿರುಗುವಾಗ ಕೈಯಲ್ಲೊಂದು ಕಸುಬಿತ್ತು.

ಆದರೆ ಕಸುಬೊಂದರಿಂದಲೇ ಹೊಟ್ಟೆ ತುಂಬುವಂತಿರಲಿಲ್ಲ. ವಿದರ್ಸ್ ದಂಪತಿಗೆ ಒಟ್ಟು ಎಂಟು ಮಕ್ಕಳು: ಏಳು ಗಂಡು, ಒಂದು ಹೆಣ್ಣು. 1948ರಲ್ಲಿ ಮೆಂಫಿಸ್ ಪೊಲೀಸ್ ಇಲಾಖೆ ಕಪ್ಪು ಜನಾಂಗದ ಒಂಬತ್ತು ಮಂದಿಯನ್ನು ನೇಮಿಸಿಕೊಂಡಾಗ ಅವರಲ್ಲಿ ವಿದರ್ಸ್ ಕೂಡ ಒಬ್ಬರು. ಸಮವಸ್ತ್ರ ಕೊಟ್ಟರು, ಬೀಲ್ ಬೀದಿಯ ಗಸ್ತು ಕೊಟ್ಟರು. ಬಿಳಿಯರನ್ನು ಬಂಧಿಸುವ ಅಧಿಕಾರವನ್ನು ಮಾತ್ರ ಕೊಡಲಿಲ್ಲ. ಈ ನೌಕರಿಯೂ ಬಹುಕಾಲ ಉಳಿಯಲಿಲ್ಲ. ಅಕ್ರಮ ಮದ್ಯ ಮಾರಾಟದಲ್ಲಿ ಭಾಗಿಯಾದ ಆರೋಪದ ಮೇಲೆ 1951ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಅಲ್ಲಿಂದಾಚೆಗೆ ಕ್ಯಾಮೆರಾ ಒಂದೇ ಆಸರೆ.

ಬೀಲ್ ಬೀದಿಯಲ್ಲಿ ಅವರ ಸ್ಟುಡಿಯೋ ಇತ್ತು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸ್ಟುಡಿಯೋ ಇಟ್ಟುಕೊಂಡು, ಮುಂಜಾನೆ ಮದುವೆಗೂ ಮಧ್ಯಾಹ್ನ ಮಂತ್ರಿಗಳ ಸಭೆಗೂ ಹೋಗುತ್ತಿದ್ದ ಹಳೆಯ ಛಾಯಾಗ್ರಾಹಕರನ್ನು ಬಲ್ಲವರಿಗೆ ವಿದರ್ಸ್ ಅವರ ದಿನಚರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆ, ನಾಮಕರಣ, ಶವಸಂಸ್ಕಾರ, ಶಾಲೆಯ ಸಮೂಹಚಿತ್ರ, ರಾತ್ರಿ ಕ್ಲಬ್ಬಿನ ಕುಣಿತ ಯಾವುದನ್ನೂ ಅವರು ಬೇಡವೆನ್ನಲಿಲ್ಲ. ಕಪ್ಪು ಜನಾಂಗದ ಆಟಗಾರರಿಗೆಂದೇ ಇದ್ದ ಬೇಸ್‌ಬಾಲ್ ಲೀಗಿನ ಮೆಂಫಿಸ್ ರೆಡ್ ಸಾಕ್ಸ್ ತಂಡದ ಪಂದ್ಯಗಳನ್ನು ತಪ್ಪದೆ ಚಿತ್ರೀಕರಿಸಿದರು. ಸ್ಟ್ಯಾಕ್ಸ್ ಎಂಬ ಖ್ಯಾತ ಧ್ವನಿಮುದ್ರಣ ಸಂಸ್ಥೆಗೆ ಸುಮಾರು 20 ವರ್ಷ ಅಧಿಕೃತ ಛಾಯಾಗ್ರಾಹಕರಾಗಿದ್ದರು. 1956ರಲ್ಲಿ ಯುವಕ ಎಲ್ವಿಸ್ ಪ್ರೀಸ್ಲಿ ಮತ್ತು ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಹೆಗಲಿಗೆ ಹೆಗಲು ತಾಗಿಸಿ ನಿಂತ ಚಿತ್ರ ಅವರದೇ. ಬಿಳಿಯರೂ ಕಪ್ಪು ಜನರೂ ಒಂದೇ ನಲ್ಲಿಯಲ್ಲಿ ನೀರು ಕುಡಿಯಲಾಗದಿದ್ದ ನಗರದಲ್ಲಿ ಅಂಥದೊಂದು ಚಿತ್ರ ಸಾಮಾನ್ಯವಾಗಿರಲಿಲ್ಲ.

ಗಂಡುಮಕ್ಕಳು ದೊಡ್ಡವರಾದಂತೆ ತಂದೆಯ ಸ್ಟುಡಿಯೋದಲ್ಲಿ ಕೈಗೂಡಿಸಿದರು. ಚಿತ್ರಗಳೇ ಕಥೆ ಹೇಳುತ್ತವೆ ಎಂಬುದು ಸ್ಟುಡಿಯೋದ ಘೋಷವಾಕ್ಯ. 2000ದಲ್ಲಿ ಪ್ರಕಟವಾದ ಅವರ ಚಿತ್ರಸಂಪುಟದ ಹೆಸರೂ ಅದೇ.

ಸುದ್ದಿ ಛಾಯಾಗ್ರಾಹಕರಾಗಿ ಅವರಿಗೆ ಹೆಸರು ತಂದದ್ದು 1955ರ ಎಮ್ಮೆಟ್ ಟಿಲ್ ಪ್ರಕರಣ. ಶಿಕಾಗೋ ನಗರದಿಂದ ಮಿಸಿಸಿಪ್ಪಿಯ ಬಂಧುಗಳ ಮನೆಗೆ ಬಂದಿದ್ದ 14 ವರ್ಷದ ಈ ಬಾಲಕನನ್ನು, ಬಿಳಿಯ ಮಹಿಳೆಯೊಬ್ಬಳೊಂದಿಗೆ ಅನುಚಿತವಾಗಿ ವರ್ತಿಸಿದನೆಂದು ಆರೋಪಿಸಿ ಅಪಹರಿಸಿ, ಚಿತ್ರಹಿಂಸೆ ಕೊಟ್ಟು ಕೊಂದು ನದಿಗೆ ಎಸೆದಿದ್ದರು. ಸೆಪ್ಟೆಂಬರ್ ತಿಂಗಳಲ್ಲಿ ಸಮ್ನರ್ ಎಂಬ ಊರಿನಲ್ಲಿ ವಿಚಾರಣೆ ನಡೆಯಿತು. ಬಾಲಕನ ಹತ್ತಿರದ ಬಂಧು, ವೃದ್ಧ ಮೋಸ್ ರೈಟ್, ಸಾಕ್ಷಿಕಟ್ಟೆಯಲ್ಲಿ ಎದ್ದು ನಿಂತು ಬಿಳಿಯ ಆರೋಪಿಗಳತ್ತ ಬೆರಳು ಚಾಚಿದರು. ಆ ಕಾಲದ ಮಿಸಿಸಿಪ್ಪಿಯಲ್ಲಿ ಕಪ್ಪು ಜನಾಂಗದ ಮನುಷ್ಯನೊಬ್ಬ ಬಿಳಿಯನ ವಿರುದ್ಧ ಹಾಗೆ ಬೆರಳೆತ್ತುವುದೆಂದರೆ ಜೀವವನ್ನೇ ಪಣಕ್ಕಿಟ್ಟಂತೆ. ನ್ಯಾಯಾಲಯದೊಳಗೆ ಕಲಾಪ ನಡೆಯುವಾಗ ಛಾಯಾಗ್ರಹಣಕ್ಕೆ ನಿರ್ಬಂಧವಿತ್ತು. ಆದರೂ ಆ ಕ್ಷಣದ ಚಿತ್ರವೊಂದು ಹೊರಬಂದಿತು. ಅದನ್ನು ತೆಗೆದವರು ವಿದರ್ಸ್ ಎಂದೇ ದಾಖಲೆಗಳು ಹೇಳುತ್ತವೆ.

ನ್ಯಾಯದರ್ಶಿಗಳೆಲ್ಲ ಬಿಳಿಯರು. ಒಂದು ಗಂಟೆಯ ಮೇಲೆ ಏಳು ನಿಮಿಷಗಳಲ್ಲಿ ಆರೋಪಿಗಳು ಖುಲಾಸೆಯಾದರು. ಮರುವರ್ಷ ಅವರೇ ಪತ್ರಿಕೆಯೊಂದರಿಂದ ಹಣ ಪಡೆದು ಕೊಲೆಯನ್ನು ಒಪ್ಪಿಕೊಂಡರು. ವಿದರ್ಸ್ ಈ ಪ್ರಕರಣದ ಚಿತ್ರಗಳನ್ನು ಸೇರಿಸಿ ಸಣ್ಣ ಪುಸ್ತಿಕೆಯೊಂದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಒಂದು ಡಾಲರಿಗೆ ಮಾರಿದರು. ವ್ಯಾಪಾರವೂ ಹೌದು, ಸಾಕ್ಷ್ಯವೂ ಹೌದು. ಅವರ ಬದುಕಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ.

ಅಲ್ಲಿಂದ ಮುಂದೆ ಚಳವಳಿ ಹೋದಲ್ಲೆಲ್ಲ ಅವರ ಕ್ಯಾಮೆರಾ ಹೋಯಿತು. 1956ರ ಡಿಸೆಂಬರಿನಲ್ಲಿ ಮಾಂಟ್ಗೊಮರಿಯ ಬಸ್ಸುಗಳಲ್ಲಿ ವರ್ಣಭೇದ ಕೊನೆಗೊಂಡಾಗ, ಬಸ್ಸಿನ ಆಸನದಲ್ಲಿ ಕುಳಿತ ಕಿಂಗ್ ಅವರ ಚಿತ್ರ ತೆಗೆದರು. 1957ರಲ್ಲಿ ಲಿಟ್ಲ್ ರಾಕ್ ಶಾಲೆಯ ಪ್ರಕರಣಕ್ಕೆ ಧಾವಿಸಿದರು. 1963ರಲ್ಲಿ ಮಿಸಿಸಿಪ್ಪಿಯ ನಾಯಕ ಮೆಡ್ಗರ್ ಎವರ್ಸ್ ಹತ್ಯೆಯಾದಾಗ ಅವರ ಅಂತ್ಯಕ್ರಿಯೆಗೆ ಹೋಗಿ, ಪೊಲೀಸರಿಂದ ಪೆಟ್ಟು ತಿಂದು ಬಂಧನಕ್ಕೂ ಒಳಗಾದರು. ಚಿತ್ರಗಳು ಕಪ್ಪು ಜನಾಂಗದ ಪತ್ರಿಕೆಗಳಾದ ಶಿಕಾಗೋ ಡಿಫೆಂಡರ್, ಟ್ರೈ-ಸ್ಟೇಟ್ ಡಿಫೆಂಡರ್, ಜೆಟ್ ಮುಂತಾದವುಗಳಲ್ಲಿ ಅಚ್ಚಾಗುತ್ತಿದ್ದವು. ಒಂದೊಂದು ಚಿತ್ರಕ್ಕೆ ಸಿಗುತ್ತಿದ್ದ ಸಂಭಾವನೆ ಅತ್ಯಲ್ಪ.

ಮೆಂಫಿಸ್ ಮುಷ್ಕರಕ್ಕೆ ಕಾರಣವಾದ ಘಟನೆಯನ್ನು ಇಲ್ಲಿ ನೆನೆಯಬೇಕು. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿಯಲ್ಲಿ ಆಶ್ರಯ ಪಡೆದಿದ್ದ ಇಬ್ಬರು ಪೌರಕಾರ್ಮಿಕರು, ಕಸ ಅದುಮುವ ಯಂತ್ರಕ್ಕೆ ಸಿಲುಕಿ ಸತ್ತರು. ಹನ್ನೊಂದು ದಿನಗಳ ನಂತರ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಮುಷ್ಕರದ ದಿನದಿನದ ಬೆಳವಣಿಗೆಯನ್ನು ವಿದರ್ಸ್ ಚಿತ್ರೀಕರಿಸಿದರು. ಕಿಂಗ್ ಅವರಿಗೆ ಗುಂಡು ತಗುಲಿದ ರಾತ್ರಿ, ಮೊಗಸಾಲೆಯ ಪ್ರಸಿದ್ಧ ಚಿತ್ರವನ್ನು ತೆಗೆದ ದಕ್ಷಿಣ ಆಫ್ರಿಕಾದ ಜೋಸೆಫ್ ಲೌ ತಮ್ಮ ಫಿಲ್ಮನ್ನು ಸಂಸ್ಕರಿಸಿದ್ದು ವಿದರ್ಸ್ ಅವರ ಕತ್ತಲಕೋಣೆಯಲ್ಲಿಯೇ.

ಕಿಂಗ್ ಮತ್ತು ಅವರ ಸಂಗಡಿಗರು ವಿದರ್ಸ್ ಅವರನ್ನು ಹೊರಗಿನವರೆಂದು ಭಾವಿಸಿರಲಿಲ್ಲ. ಖಾಸಗಿ ಸಭೆಗಳ ಬಾಗಿಲು ಅವರಿಗೆ ತೆರೆದಿರುತ್ತಿತ್ತು. ಈ ನಂಬಿಕೆಯೇ ಮುಂದಿನ ಕಥೆಯ ತಿರುಳು.

2007ರ ಅಕ್ಟೋಬರ್ 15ರಂದು, 85ನೆಯ ವಯಸ್ಸಿನಲ್ಲಿ, ಮೆಂಫಿಸ್‌ನಲ್ಲಿ ವಿದರ್ಸ್ ನಿಧನರಾದರು. 65 ವರ್ಷಗಳ ದಾಂಪತ್ಯ. ನಗರ ಅವರನ್ನು ಗೌರವದಿಂದ ಕಳುಹಿಸಿಕೊಟ್ಟಿತು. ಮೂರು ವರ್ಷಗಳ ನಂತರ, 2010ರ ಸೆಪ್ಟೆಂಬರಿನಲ್ಲಿ, ಅದೇ ನಗರದ ಕಮರ್ಷಿಯಲ್ ಅಪೀಲ್ ಪತ್ರಿಕೆಯಲ್ಲಿ ವರದಿಗಾರ ಮಾರ್ಕ್ ಪೆರುಸ್ಕಿಯಾ ಬರೆದ ವರದಿ ಎಲ್ಲರನ್ನೂ ದಿಗ್ಭ್ರಮೆಗೊಳಿಸಿತು. ಅಮೆರಿಕದ ಗುಪ್ತ ತನಿಖಾ ಸಂಸ್ಥೆ ಎಫ್‌ಬಿಐಗೆ ವಿದರ್ಸ್ ಮಾಹಿತಿದಾರರಾಗಿದ್ದರು.

ರಹಸ್ಯ ಬಯಲಾದ ಬಗೆಯೂ ವಿಚಿತ್ರ. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಮದ್ಯ ನಿಯಂತ್ರಣ ವಿಭಾಗದಲ್ಲಿ ವಿದರ್ಸ್ ಕೆಲಸ ಮಾಡುತ್ತಿದ್ದಾಗ ಸುಲಿಗೆಯ ಆರೋಪಕ್ಕೆ ಗುರಿಯಾಗಿ, ತಪ್ಪೊಪ್ಪಿಕೊಂಡಿದ್ದರು. ಆ ತನಿಖೆಯ ಕಡತಗಳನ್ನು ಮಾಹಿತಿ ಹಕ್ಕಿನ ಕಾನೂನಿನಡಿ ಪೆರುಸ್ಕಿಯಾ ಕೇಳಿ ಪಡೆದರು. ಗೋಪ್ಯ ಭಾಗಗಳಿಗೆ ಮಸಿ ಬಳಿದು ಕೊಡುವುದು ಅಲ್ಲಿನ ಪದ್ಧತಿ. ಅಧಿಕಾರಿಗಳು ಒಂದೆಡೆ ಬಳಿಯಲು ಮರೆತಿದ್ದರು. ಎಂಇ 338-ಆರ್ ಎಂಬ ಸಂಕೇತ ಸಂಖ್ಯೆ ವಿದರ್ಸ್ ಅವರ ಹೆಸರಿನೊಡನೆ ಹಾಗೆಯೇ ಉಳಿದಿತ್ತು. ಅದೇ ಸಂಖ್ಯೆ 1960ರ ದಶಕದ ಚಳವಳಿಯ ಬೇಹುಗಾರಿಕೆಯ ಕಡತಗಳಲ್ಲಿ ಪದೇ ಪದೇ ಕಾಣಿಸಿಕೊಂಡಿತ್ತು. ಉಳಿದ ಕಡತಗಳಿಗಾಗಿ ಪತ್ರಿಕೆ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಸರ್ಕಾರ ರಾಜಿಗೆ ಒಪ್ಪಿ ದಾಖಲೆಗಳನ್ನು ಬಿಡುಗಡೆ ಮಾಡಿದ್ದಲ್ಲದೆ, ಪತ್ರಿಕೆಯ ವಕೀಲರ ಶುಲ್ಕವೆಂದು 1,86,000 ಡಾಲರನ್ನೂ ತೆತ್ತಿತು. ವೃತ್ತಿಬಾಂಧವರಾದ ನಮಗೆ ಈ ಭಾಗವನ್ನು ಓದುವಾಗ ಸ್ವಲ್ಪ ಹೆಮ್ಮೆ, ಸ್ವಲ್ಪ ಕಸಿವಿಸಿ ಎರಡೂ ಆಗುತ್ತವೆ.

ದಾಖಲೆಗಳ ಪ್ರಕಾರ ಸುಮಾರು 18 ವರ್ಷ ಈ ಸಂಬಂಧ ನಡೆದಿತ್ತು. ವಿಲಿಯಂ ಲಾರೆನ್ಸ್ ಎಂಬ ಅಧಿಕಾರಿಗೆ ವಿದರ್ಸ್ ಚಿತ್ರಗಳನ್ನೂ, ಜನರ ಹೆಸರು, ವಿಳಾಸ, ವಾಹನಗಳ ಸಂಖ್ಯೆ, ಸಭೆಗಳ ಮಾತುಕತೆಗಳನ್ನೂ ತಲುಪಿಸುತ್ತಿದ್ದರು. ಇನ್ವೇಡರ್ಸ್ ಎಂಬ ಮೆಂಫಿಸ್‌ನ ತೀವ್ರವಾದಿ ಯುವಕರ ಗುಂಪು, ಅಹಿಂಸಾ ತರಬೇತಿಗೆ ಹೆಸರಾದ ಪಾದ್ರಿ ಜೇಮ್ಸ್ ಲಾಸನ್ ಕೂಡ ಆ ವರದಿಗಳಲ್ಲಿ ಇದ್ದರು. ಪ್ರತಿಫಲವಾಗಿ ವಿದರ್ಸ್ ಪಡೆದ ಹಣ ಒಟ್ಟು 20 ಸಾವಿರ ಡಾಲರಿನ ಆಸುಪಾಸು ಎಂದು ವರದಿಯಾಗಿದೆ. 18 ವರ್ಷಗಳಿಗೆ ಹಂಚಿದರೆ ತಿಂಗಳಿಗೆ ನೂರು ಡಾಲರೂ ಆಗದು.

ಅಷ್ಟಕ್ಕಾಗಿಯೇ ಮಾಡಿದರೇ? ಎಂಟು ಮಕ್ಕಳ ಮನೆಗೆ ಆ ಹಣ ಚಿಕ್ಕದಾಗಿರಲಿಲ್ಲ ಎನ್ನುವವರಿದ್ದಾರೆ. ಸೈನಿಕನಾಗಿ, ಪೊಲೀಸನಾಗಿ ದುಡಿದವರಿಗೆ ಸರ್ಕಾರಕ್ಕೆ ನೆರವಾಗುವುದು ತಪ್ಪೆನಿಸಿರಲಿಕ್ಕಿಲ್ಲ, ಕಮ್ಯುನಿಸ್ಟರ ಭಯ ದೇಶವನ್ನು ಆವರಿಸಿದ್ದ ಕಾಲವದು ಎನ್ನುವವರೂ ಇದ್ದಾರೆ. ಇಲ್ಲವೆಂದರೆ ಪೊಲೀಸರ ಕಿರುಕುಳ ತಪ್ಪುತ್ತಿರಲಿಲ್ಲವೆಂಬ ವಾದವೂ ಉಂಟು. ವಿದರ್ಸ್ ಸ್ವತಃ ವಿವರಣೆ ಕೊಡಲು ಬದುಕಿರಲಿಲ್ಲ. ಕಿಂಗ್ ಅವರ ಆಪ್ತ ಆಂಡ್ರೂ ಯಂಗ್, ಚಳವಳಿಗೆ ಮುಚ್ಚಿಡುವಂಥದೇನೂ ಇರಲಿಲ್ಲವೆಂದು ಇದನ್ನು ಹಗುರವಾಗಿ ತೆಗೆದುಕೊಂಡರು. ಹಾಸ್ಯ ಕಲಾವಿದ, ಹೋರಾಟಗಾರ ಡಿಕ್ ಗ್ರೆಗರಿ ಅವರಿಗೆ ಮಾತ್ರ ಇದು ಏಸುವನ್ನು ಹಿಡಿದುಕೊಟ್ಟ ಜೂದಾಸನ ಕೆಲಸದಂತೆ ಕಂಡಿತು. ಯಂಗ್ ಅವರ ಔದಾರ್ಯ ದೊಡ್ಡದೇ ಸರಿ. ಆದರೆ ಪ್ರಸಿದ್ಧ ನಾಯಕರಿಗೆ ಇರುವ ರಕ್ಷಣೆ, ಕಡತದಲ್ಲಿ ಹೆಸರು ಸೇರಿದ ಸಾಮಾನ್ಯ ಯುವಕನಿಗೆ ಇರುವುದಿಲ್ಲ. ಆತ ಕ್ಷಮಿಸಬೇಕೋ ಬೇಡವೋ ಎಂಬುದನ್ನು ಬೇರೆಯವರು ನಿರ್ಧರಿಸಲಾಗದು.

ಚಿತ್ರಗಳ ಬೆಲೆ ಇದರಿಂದ ಕುಂದಿತೇ? ಈ ವರದಿಗಾರನಿಗೆ ಹಾಗೆ ಅನಿಸುವುದಿಲ್ಲ. ಮೋಸ್ ರೈಟ್ ಬೆರಳು ಚಾಚಿದ್ದು ನಿಜ. ಅದನ್ನು ತೋರಿಸಲು ವಿದರ್ಸ್ ಜೀವಭಯವನ್ನು ಕಡೆಗಣಿಸಿ ಅಲ್ಲಿಗೆ ಹೋದದ್ದೂ ನಿಜ. ಅದೇ ಕೈ ಅಧಿಕಾರಿಯ ಮೇಜಿನ ಮೇಲೆ ಚಿತ್ರಗಳನ್ನು ಇಟ್ಟದ್ದೂ ಅಷ್ಟೇ ನಿಜ.

2011ರಲ್ಲಿ ಕುಟುಂಬದವರು ಬೀಲ್ ಬೀದಿಯಲ್ಲಿಯೇ ವಿದರ್ಸ್ ಸಂಗ್ರಹಾಲಯವನ್ನು ತೆರೆದರು. ಮುಂದಾಳತ್ವ ಮಗಳದು. ತಂದೆ ಬಿಟ್ಟುಹೋದ ನೆಗೆಟಿವ್‌ಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆಂಬುದು ಮನೆಯವರ ಅಂದಾಜು. 2018ರಲ್ಲಿ ಪೆರುಸ್ಕಿಯಾ ತಮ್ಮ ಶೋಧನೆಯನ್ನು ಪುಸ್ತಕವಾಗಿಸಿದರು. 2022ರಲ್ಲಿ ವಿದರ್ಸ್ ಕುರಿತ ಸಾಕ್ಷ್ಯಚಿತ್ರವೂ ಬಂದಿತು. ಫಲಕ ಹಿಡಿದ ಪೌರಕಾರ್ಮಿಕರ ಹಿನ್ನೆಲೆಯಲ್ಲಿದ್ದ ಕ್ಲೇಬಾರ್ನ್ ಟೆಂಪಲ್ ಬಹುಕಾಲ ಪಾಳುಬಿದ್ದು, ಜೀರ್ಣೋದ್ಧಾರ ನಡೆಯುತ್ತಿರುವಾಗಲೇ 2025ರ ಏಪ್ರಿಲಿನಲ್ಲಿ ಬೆಂಕಿಗೆ ಆಹುತಿಯಾಯಿತು. ಆ ದಿನ ಜಗತ್ತಿನ ಪತ್ರಿಕೆಗಳು ಸುದ್ದಿಯೊಂದಿಗೆ ಮತ್ತೊಮ್ಮೆ ನೆನೆದದ್ದು 1968ರ ಆ ಮೆರವಣಿಗೆಯನ್ನೂ ಆ ಫಲಕಗಳನ್ನೂ.