ಆರ್ಗನ್ ತಿದಿಯಿಂದ ಹುಟ್ಟಿದ ವಿಮಾನ: ಎಡ್ವಿನ್ ಲಿಂಕ್ ಬದುಕು

ಮನೆಯ ಕಂಪ್ಯೂಟರಿನಲ್ಲಿ ಏರ್‌ಬಸ್ಸೋ ಬೋಯಿಂಗೋ ಹಾರಿಸುತ್ತಾ ಕೂತ ಹುಡುಗರನ್ನು ಕಂಡರೆ ಅದು ಬರೀ ಆಟ ಅನ್ನುವವರೇ ಹೆಚ್ಚು. ಫ್ಲೈಟ್ ಸಿಮ್ಯುಲೇಟರ್ ಹುಟ್ಟಿದ ಕಾಲದಲ್ಲೂ ಜನ ಅದನ್ನು ಆಟದ ಸಾಮಾನೆಂದೇ ತಿಳಿದಿದ್ದರು. ಆ ತಿಳಿವಳಿಕೆ ಬದಲಾಗಲು ಹಲವು ಪೈಲಟ್‌ಗಳ ಜೀವ ಹೋಗಬೇಕಾಯಿತು.

ಅದನ್ನು ಕಟ್ಟಿದ ಎಡ್ವಿನ್ ಲಿಂಕ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಇಂಡಿಯಾನ ರಾಜ್ಯದಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ. ಅಪ್ಪನದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ಹದಿನಾರರ ವಯಸ್ಸಿನಲ್ಲಿ 50 ಡಾಲರ್ ಕೊಟ್ಟು ಮೊದಲ ಹಾರಾಟದ ಪಾಠಕ್ಕೆ ಹೋದ ಹುಡುಗನಿಗೆ, ಕಲಿಸುವವನು ವಿಮಾನದ ಕಡ್ಡಿಯನ್ನು ಮುಟ್ಟಲೂ ಬಿಡಲಿಲ್ಲ. ಆಗಿನ ಕಾಲಕ್ಕೆ 50 ಡಾಲರ್ ಸಣ್ಣ ದುಡ್ಡಲ್ಲ. ಹಾರುವುದನ್ನು ನೆಲದ ಮೇಲೇ, ಕಡಿಮೆ ಖರ್ಚಿನಲ್ಲಿ ಯಾಕೆ ಕಲಿಯಬಾರದು ಎಂಬ ಯೋಚನೆಯ ಬೇರು ಇಲ್ಲಿದೆ.

ಹಾರ್ಮೋನಿಯಂ ನುಡಿಸುವವರು ಒಂದು ಕೈಯಲ್ಲಿ ತಿದಿ ಒತ್ತುವುದನ್ನು ನೀವು ನೋಡಿರುತ್ತೀರಿ. ಆರ್ಗನ್ನಿನಲ್ಲೂ ತಿದಿ, ಗಾಳಿಕೊಳವೆ, ಕವಾಟಗಳದೇ ಕೆಲಸ. ಲಿಂಕ್ ಅವರಿಗೆ ಅವು ಕೈಗೆ ಪಳಗಿದ ಸಾಮಾನು. ಕಾರ್ಖಾನೆಯ ನೆಲಮಾಳಿಗೆಯಲ್ಲಿ ಸುಮಾರು ಒಂದೂವರೆ ವರ್ಷ ಕೂತು, ಮೋಟು ರೆಕ್ಕೆಯ ಮರದ ಪೆಟ್ಟಿಗೆಯೊಂದನ್ನು ತಿದಿಗಳ ಮೇಲೆ ನಿಲ್ಲಿಸಿದರು. ಒಳಗೆ ಕೂತವರು ಕಡ್ಡಿಯನ್ನು ಎಡಕ್ಕೆ ವಾಲಿಸಿದರೆ ಕವಾಟ ತೆರೆದು ಒಂದು ಪಕ್ಕದ ತಿದಿ ಕುಗ್ಗಿ ಇನ್ನೊಂದು ಉಬ್ಬುತ್ತಿತ್ತು, ಪೆಟ್ಟಿಗೆ ಎಡಕ್ಕೆ ವಾಲುತ್ತಿತ್ತು. 1929ರ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಕೊಳ್ಳುವವರಿಲ್ಲ! ಹಾರಾಟದ ಶಾಲೆಗಳು ತಿರುಗಿ ನೋಡಲಿಲ್ಲ. ಕೊಂಡವರಲ್ಲಿ ಬಹುಪಾಲು ಮನರಂಜನಾ ಪಾರ್ಕಿನವರು. ನಮ್ಮ ಜಾತ್ರೆಯಲ್ಲಿ ತೊಟ್ಟಿಲು ಹತ್ತುವ ಹಾಗೆ ಜನ ಕಾಸು ಕೊಟ್ಟು ಅದರಲ್ಲಿ ಕೂತು ಬರುತ್ತಿದ್ದರು.

ಶಾಲೆಗಳ ಉದಾಸೀನಕ್ಕೆ ಒಂದು ಕಾರಣ ಆಗ ಬಲವಾಗಿದ್ದ ನಂಬಿಕೆ: ಪಳಗಿದ ಪೈಲಟ್‌ಗೆ ವಿಮಾನ ಎತ್ತ ವಾಲುತ್ತಿದೆ ಎಂಬುದು ಕೂತಲ್ಲೇ ಮೈಗೆ ಗೊತ್ತಾಗುತ್ತದೆ ಎಂಬುದು. ಇದು ಪೂರಾ ಸುಳ್ಳು. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ತಿರುವು ತಿಳಿಯುತ್ತದೆ. ಆದರೆ ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡ್ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೇ ತಿರುಗತೊಡಗುತ್ತದೆ. ಆಗ ನೆಟ್ಟಗೆ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಆ ಹೊತ್ತಿಗೆ ವಿಮಾನವನ್ನು ನಿಜವಾಗಿ ನೆಟ್ಟಗೆ ಮಾಡಿದರೆ ಎದುರು ದಿಕ್ಕಿಗೆ ತಿರುಗಿದ ಭ್ರಮೆ. ಅದನ್ನು ಸರಿಪಡಿಸಲು ಹೋಗಿ ಪೈಲಟ್ ಮತ್ತೆ ಅದೇ ಸುಳಿಗೆ ಬೀಳುತ್ತಾನೆ. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಮಂಜಿನಲ್ಲಿ ಗಾಡಿ ಓಡಿಸಿದವರಿಗೆ ಕಣ್ಣು ಕಟ್ಟಿದ ಅನುಭವ ಗೊತ್ತು. ಆದರೂ ಚಕ್ರದ ಕೆಳಗೆ ರಸ್ತೆ ಇರುತ್ತದೆ, ಮೋಡದೊಳಗೆ ಅದೂ ಇಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರುವುದನ್ನು ಕಲಿಯದ 20 ಮಂದಿಯನ್ನು ಪರೀಕ್ಷಿಸಿದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ.

ಲಿಂಕ್ ಅವರಿಗೆ ಈ ಅಂಕಿ ಆಗ ಗೊತ್ತಿರಲಿಲ್ಲ. ಆದರೂ ತಮ್ಮ ಪೆಟ್ಟಿಗೆಗೆ ಮುಚ್ಚಳ ಹಾಕಿ, ಒಳಗೆ ಉಪಕರಣಗಳ ಫಲಕ ಕೂರಿಸಿ, ಕಣ್ಣು ಮುಚ್ಚಿದಂಥ ಹಾರಾಟ ಕಲಿಸತೊಡಗಿದ್ದರು. 1934ರಲ್ಲಿ ಅಮೆರಿಕದ ಸರ್ಕಾರ ವಿಮಾನ ಟಪಾಲಿನ ಕೆಲಸವನ್ನು ಸೇನೆಗೆ ಒಪ್ಪಿಸಿತು. ಚಳಿಗಾಲದ ಮೋಡ, ಹಿಮ, ರಾತ್ರಿ. ಎರಡು ಮೂರು ತಿಂಗಳೊಳಗೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸೇನೆಯ ಅಧಿಕಾರಿಗಳನ್ನು ಕಾಣಲು ಲಿಂಕ್ ನ್ಯೂವಾರ್ಕಿಗೆ ತಾವೇ ವಿಮಾನ ಹಾರಿಸಿಕೊಂಡು ಬಂದ ದಿನ ಹವೆ ಎಷ್ಟು ಕೆಟ್ಟಿತ್ತೆಂದರೆ, ಬರಲಾರರೆಂದು ಕಾಯುತ್ತಿದ್ದವರು ಹೊರಡುವುದರಲ್ಲಿದ್ದರು. ಮಂಜಿನೊಳಗಿಂದ ಅವರು ಇಳಿದದ್ದೇ ಸಾಕ್ಷಿಯಾಯಿತು. ಅದೇ ವರ್ಷ ಸೇನೆ ಆರು ಯಂತ್ರ ಕೊಂಡಿತು, ತಲಾ 3,500 ಡಾಲರಿಗೆ. ಎರಡನೇ ಮಹಾಯುದ್ಧದ ಹೊತ್ತಿಗೆ ನೀಲಿ ಬಣ್ಣದ ಆ ಪೆಟ್ಟಿಗೆಗಳಲ್ಲಿ ಲಕ್ಷಾಂತರ ವೈಮಾನಿಕರು ಕಲಿತರು.

ಕಲಿಸುವವರು ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಮೂರು ಗಾಲಿಯ ಪುಟ್ಟ ಯಂತ್ರವೊಂದು ನಕ್ಷೆಯ ಮೇಲೆ ಹರಿದಾಡಿ, ವಿದ್ಯಾರ್ಥಿ ಹಾರಿದ ದಾರಿಯನ್ನು ಶಾಯಿಯಲ್ಲಿ ಗೀಚುತ್ತಿತ್ತು. ದಾರಿ ತಪ್ಪಿದ್ದು ಎಲ್ಲಿ ಎಂದು ವಾದ ಮಾಡುವ ಹಾಗೇ ಇಲ್ಲ!

ಇಂದಿನ ಸಿಮ್ಯುಲೇಟರಿನಲ್ಲಿ ಎಂಜಿನ್ನಿಗೆ ಬೆಂಕಿ ಹತ್ತಿಸಬಹುದು, ಹೈಡ್ರಾಲಿಕ್ ಕೆಡಿಸಬಹುದು. ಪೈಲಟ್ ಮೊದಲು ವಿಮಾನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಆಮೇಲೆ ದಾರಿ, ಆಮೇಲೆ ರೇಡಿಯೊ ಮಾತು. ಬೆಂಕಿ ಯಾವ ಎಂಜಿನ್ನಿಗೆ ಎಂದು ಇಬ್ಬರೂ ನೋಡಿ ಒಪ್ಪಿದ ಮೇಲೆಯೇ ಅದರ ಇಂಧನ ನಿಲ್ಲಿಸಬೇಕು. ಗಾಬರಿಯಲ್ಲಿ ಒಳ್ಳೆಯ ಎಂಜಿನ್ನನ್ನೇ ಆರಿಸಿದ ಉದಾಹರಣೆಗಳಿವೆ. ಇನ್ನು ತುರ್ತಿನ ಗಂಟೆ ಬಾರಿಸದೆ ಬರುವ ಅಪಾಯವೂ ಉಂಟು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ ಎ320ರಲ್ಲಿ ಯಾವ ಎಂಜಿನ್ನೂ ಕೆಟ್ಟಿರಲಿಲ್ಲ. ಎಂಜಿನ್‌ಗಳು ತೀರ ಕಡಿಮೆ ಶಕ್ತಿಯ ಐಡಲ್ ಸ್ಥಿತಿಯಲ್ಲಿ ಉಳಿದು, ವೇಗ ಕುಗ್ಗುತ್ತಿದ್ದುದು ಹೊತ್ತಿಗೆ ಸರಿಯಾಗಿ ಗಮನಕ್ಕೆ ಬರಲಿಲ್ಲ. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ತಿ ಶಕ್ತಿಗೆ ಏರಲು ಕೆಲವು ಸೆಕೆಂಡ್ ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ವಿಮಾನ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿತ್ತು. ಇದ್ದ 146 ಜನರಲ್ಲಿ 92 ಮಂದಿ ಸತ್ತರು. ವಿಮಾನದ ಯಾವ ವ್ಯವಸ್ಥೆ ಯಾವ ಸ್ಥಿತಿಯಲ್ಲಿದೆ ಎಂದು ಓದುವುದೇ ಇಂಥ ಕಡೆ ಮುಖ್ಯ ಪಾಠ.

ಲಿಂಕ್ 1950ರ ದಶಕದಲ್ಲಿ ಕಂಪನಿಯನ್ನು ಬಿಟ್ಟುಕೊಟ್ಟು, ಹೆಂಡತಿ ಮೇರಿಯನ್ ಜೊತೆ ಸಮುದ್ರಶೋಧನೆಗೆ ಇಳಿದರು. ಅವರೇ ವಿನ್ಯಾಸ ಮಾಡಿದ ಕಿರು ಜಲಾಂತರ್ಗಾಮಿ ಜಾನ್ಸನ್ ಸೀ ಲಿಂಕ್, 1973ರ ಜೂನ್ ತಿಂಗಳಲ್ಲಿ ಫ್ಲಾರಿಡ ಬಳಿ ಮುಳುಗಿದ್ದ ಹಡಗೊಂದರ ಅವಶೇಷಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಮುಂದಿನ ಅಕ್ರಿಲಿಕ್ ಗೋಳದಲ್ಲಿದ್ದ ಇಬ್ಬರು ಬದುಕಿದರು. ಹಿಂದಿನ ಅಲ್ಯೂಮಿನಿಯಂ ಕೋಣೆ ಬೇಗ ತಣ್ಣಗಾಯಿತು. ಇಂಗಾಲದ ಡೈಆಕ್ಸೈಡ್ ಹೀರುವ ರಾಸಾಯನಿಕ ಚಳಿಗೆ ಕೆಲಸ ನಿಲ್ಲಿಸಿ, ಅಲ್ಲಿದ್ದ ಇಬ್ಬರೂ ತೀರಿಕೊಂಡರು. ಅವರಲ್ಲೊಬ್ಬ ಲಿಂಕ್ ಅವರ ಮಗ ಕ್ಲೇಟನ್, 31 ವರ್ಷ.

ಅಪ್ಪನಿಗೆ ಆಗ 70ರ ಹತ್ತಿರ. ಅವರು ಮತ್ತೆ ಕೆಲಸಕ್ಕೆ ಕೂತರು. ನೀರಿನಡಿ ಸಿಕ್ಕಿಬಿದ್ದವರ ಬಳಿಗೆ ಮೇಲಿನಿಂದ ಕೇಬಲ್ ಮೂಲಕ ಇಳಿಸಿ, ಕ್ಯಾಮೆರಾದಲ್ಲಿ ನೋಡುತ್ತಾ ನಡೆಸಬಹುದಾದ, ಒಳಗೆ ಮನುಷ್ಯರಿಲ್ಲದ ರಕ್ಷಣಾ ಯಂತ್ರವೊಂದನ್ನು ತಯಾರಿಸಿದರು. 1981ರ ಸೆಪ್ಟೆಂಬರ್ 7ರಂದು, 77ನೇ ವಯಸ್ಸಿನಲ್ಲಿ ತೀರಿಕೊಂಡರು.