ಸಾಲಾರ್ ಜಂಗರೂ ಜನರ ಬಂಡಿಯೂ

ಕಲಬುರಗಿಯಲ್ಲಿ ಮೋಟಾರುಗಳಿಗಾಗಿ ಬೀದಿಯನ್ನು ಅಗಲಿಸುವ ಮಾತು ಬಂದಾಗಲೆಲ್ಲ ನಮಗೆ ಹೈದರಾಬಾದಿನ ದಿವಾನರಾಗಿದ್ದ ಸರ್ ಸಾಲಾರ್ ಜಂಗರ ನೆನಪಾಗುತ್ತದೆ. 1829ರಲ್ಲಿ ಜನಿಸಿದ ಮೀರ್ ತುರಾಬ್ ಅಲಿ ಖಾನರು 1853ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿಯೇ, ದಿವಾನಗಿರಿಯನ್ನು ವಹಿಸಿದರು. ಬೊಕ್ಕಸವು ಬರಿದಾಗಿದ್ದಿತು, ಬೇರಾರ ಪ್ರಾಂತವು ಆಗತಾನೆ ಕಂಪನಿಯ ಕೈಸೇರಿದ್ದಿತು. ಕಂದಾಯದ ಗುತ್ತಿಗೆಯನ್ನು ತೆಗೆದು ಜಿಲ್ಲಾಡಳಿತವನ್ನು ನೆಲೆಗೊಳಿಸಿದ ಕೀರ್ತಿ ಅವರದು.

ನಮ್ಮ ಸೀಮೆಗೆ ಮುಖ್ಯವಾದುದು ರೈಲು. ಬೊಂಬಾಯಿ–ರಾಯಚೂರು ಹಾದಿಯ ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 120 ಮೈಲಿಯ ಕಂಬಿಯು 1874ರಲ್ಲಿ ತೆರೆಯಿತು. ಆಂಗ್ಲರಿಗೆ ಬೇಕಾಗಿದ್ದುದು ದಂಡಿನ ಸಾಗಣೆ. ಹಣ ತೆತ್ತುದು ನಿಜಾಮರ ಸಂಸ್ಥಾನ. ಈ ಅನ್ಯಾಯವನ್ನು ನಾವು ಮರೆಮಾಚೆವು. ಆದರೂ ದಂಡಿಗಾಗಿ ಹಾಸಿದ ಕಂಬಿಯ ಮೇಲೆ ರೈತನೂ ವರ್ತಕನೂ ಟಿಕೇಟು ಕೊಂಡು ಕುಳಿತರು. ಸಾಲಾರ್ ಜಂಗರು 1876ರಲ್ಲಿ ಬೇರಾರಿಗಾಗಿ ವಿಲಾಯತಿಗೆ ಹೋಗಿ ಬರಿಗೈಯಲ್ಲಿ ಮರಳಿದರು. 1883ರಲ್ಲಿ ಕಾಲರಾ ತಗಲಿ ತೀರಿಕೊಂಡರು.

ತರುವಾಯ ರೈಲು ಲಂಡನ್ನಿನ ಕಂಪನಿಯೊಂದರ ಪಾಲಾಗಿ, 1930ರಲ್ಲಿ ಸಂಸ್ಥಾನಕ್ಕೆ ಮರಳಿತು. 1932ರಲ್ಲಿ ಆ ರೈಲ್ವೆಯೇ 27 ಬಸ್ಸುಗಳನ್ನು ಓಡಿಸತೊಡಗಿತು. ಒಡೆತನವು ಊರಿನದಾದುದರ ಫಲವಲ್ಲವೆ ಇದು?

ಇಂದು ಕಲ್ಯಾಣ ಕರ್ನಾಟಕದ ಬಸ್ ನಿಗಮದ ಮುಖ್ಯ ಕಚೇರಿಯು ಕಲಬುರಗಿಯಲ್ಲಿಯೇ ಇದೆ. 2017ರಿಂದ ಕಮಲಾಪುರದ ಮೇಲೆ ಬೀದರಿಗೆ ರೈಲೂ ಉಂಟು. ಬಂಡಿಯಿಂದ ಇಳಿದವನು ಮನೆಗೆ ನಡೆಯಬೇಕಷ್ಟೆ. ಮಹಾನಗರಪಾಲಿಕೆಯವರು ಬೀದಿ ಅಗಲಿಸುವ ಹಣದಿಂದ ಮೊದಲು ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನೆರಳಿನ ಕಾಲುದಾರಿಯನ್ನು, ಅದರ ಮಗ್ಗುಲಲ್ಲಿ ಸೈಕಲ್ಲಿನ ದಾರಿಯನ್ನು ಮಾಡಿಸಲಿ. ನಿಗಮದವರು ಕಮಲಾಪುರದ ಬಸ್ಸುಗಳನ್ನು ರೈಲಿನ ವೇಳೆಗೆ ಹೊಂದಿಸಲಿ.